ಗಂಡಸಿಗೇಕೆ ಗೌರಿ ದುಃಖ ಎನ್ನುವ ಮಾತು ಮುಗಿಯಲಿ

ಅಬುಧಾಬಿ ನಗರದಿಂದ ಹೊರಗೆ, ಮುಸಫ್ಫಾ ಕೈಗಾರಿಕಾ ಪ್ರದೇಶದ ಪಕ್ಕದಲ್ಲಿ ಇರುವ ಬಡಾವಣೆ ಮೊಹಮ್ಮದ್ ಬಿನ್ ಜಾಯೆದ್ ಸಿಟಿ. ಕರಾವಳಿ, ಉತ್ತರ ಕರ್ನಾಟಕ ಮತ್ತು ಕಾಸರಗೋಡಿನ ಎಷ್ಟೋ ಮನೆಗಳ ತಿಂಗಳ ಖರ್ಚು ನಡೆಯುವುದು ಈ ಭಾಗದ ವರ್ಕ್‌ಶಾಪ್, ಗೋದಾಮು, ಅಂಗಡಿ, ಹೋಟೆಲುಗಳಲ್ಲಿ ದುಡಿಯುವವರ ಸಂಬಳದಿಂದ. ಈ ಪುಟದ ಓದುಗರಲ್ಲಿ ಹೆಚ್ಚಿನವರು ಆ ಮನೆಗಳವರೇ. ಅಲ್ಲಿನ ರಾಜ್ಯೋತ್ಸವ, ಯಕ್ಷಗಾನ, ಕ್ರಿಕೆಟ್ ಪಂದ್ಯ, ರಕ್ತದಾನ ಶಿಬಿರಗಳ ಸುದ್ದಿ ಇಲ್ಲಿ ಪ್ರಕಟವಾಗುತ್ತಲೇ ಇರುತ್ತದೆ. ಪ್ರತಿ ವರ್ಷ ಡಿಸೆಂಬರ್ 1ರಂದು ವಿಶ್ವ ಏಡ್ಸ್ ದಿನ ಬಂದುಹೋಗುತ್ತದೆ. ಆ ಬಗ್ಗೆ ಮಾತ್ರ ಗಲ್ಫ್ ಕನ್ನಡಿಗರ ಮನೆಗಳಲ್ಲಿ ಮಾತು ಹೊರಡುವುದಿಲ್ಲ. ಇಂದು ಆ ಮಾತನ್ನೇ ಎತ್ತಿಕೊಳ್ಳಬೇಕಾಗಿದೆ.

ಗಲ್ಫ್‌ನಲ್ಲಿ 'ಬ್ಯಾಚುಲರ್' ಎಂದರೆ ಮದುವೆಯಾಗದವನು ಎಂದಷ್ಟೇ ಅರ್ಥವಲ್ಲ. ಹೆಂಡತಿ, ಮಕ್ಕಳನ್ನು ಊರಲ್ಲಿ ಬಿಟ್ಟು ಒಬ್ಬನೇ ಇರುವವನೂ ಅಲ್ಲಿ ಬ್ಯಾಚುಲರ್. ಯುಎಇಯಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಮ್ ಸಂಬಳ, ಇಲ್ಲವೇ 3,000 ದಿರ್ಹಮ್ ಜೊತೆಗೆ ಕಂಪನಿಯ ವಸತಿ ಇರಬೇಕು ಎಂಬ ನಿಯಮವಿದೆ. ಅಷ್ಟು ಸಂಬಳ ಇಲ್ಲದವರಿಗೆ, ಇದ್ದರೂ ಬಾಡಿಗೆ ಮತ್ತು ಶಾಲೆಯ ಶುಲ್ಕ ಕಟ್ಟಲಾಗದವರಿಗೆ ಬೆಡ್ ಸ್ಪೇಸ್ ಅಥವಾ ಕಂಪನಿ ಕ್ಯಾಂಪೇ ಗತಿ. ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯಷ್ಟೇ ಸಂಸಾರ. ಇಪ್ಪತ್ತೈದರಿಂದ ನಲವತ್ತೈದರ ವಯಸ್ಸಿನ ಗಂಡಸರು ಬದುಕಿನ ಒಳ್ಳೆಯ ವರ್ಷಗಳನ್ನು ಹೀಗೆ ಕಳೆಯುತ್ತಾರೆ.

ಒಂದು ಮಾತನ್ನು ಆರಂಭದಲ್ಲೇ ಸ್ಪಷ್ಟಪಡಿಸುತ್ತೇವೆ. ಗಲ್ಫ್‌ಗೆ ಹೋದವರೆಲ್ಲ ದಾರಿ ತಪ್ಪುತ್ತಾರೆ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಹೆಚ್ಚಿನವರು ದುಡಿಮೆ, ನಿದ್ದೆ, ಮನೆಗೆ ಫೋನು, ಇಷ್ಟರಲ್ಲೇ ದಿನ ಕಳೆಯುವವರು. ಎಚ್‌ಐವಿ ಬರುವುದು ಉದ್ಯೋಗದಿಂದಲೂ ಅಲ್ಲ, ದೇಶದಿಂದಲೂ ಅಲ್ಲ. ಮುಖ್ಯವಾಗಿ ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ, ಸೋಂಕಿತ ರಕ್ತ ಅಥವಾ ಸೂಜಿಯಿಂದ, ತಾಯಿಯಿಂದ ಮಗುವಿಗೆ. ಅದು ಬೆಂಗಳೂರಿನಲ್ಲೂ ಬರಬಹುದು, ಮುಂಬೈಯಲ್ಲೂ ಬರಬಹುದು. ಆದರೆ ಮನೆಯಿಂದ ದೂರ, ಒಂಟಿಯಾಗಿ, ಮನಸ್ಸಿನ ಮಾತು ಹೇಳಿಕೊಳ್ಳಲು ಯಾರೂ ಇಲ್ಲದೆ ಬದುಕುವ ಗಂಡಸಿಗೆ ಅಪಾಯ ಒಂದಿಷ್ಟು ಹೆಚ್ಚು. ಸರ್ಕಾರದ ಏಡ್ಸ್ ನಿಯಂತ್ರಣ ಕಾರ್ಯಕ್ರಮ ವಲಸೆ ಕಾರ್ಮಿಕರನ್ನೂ ಟ್ರಕ್ ಚಾಲಕರನ್ನೂ ವಿಶೇಷವಾಗಿ ತಲುಪಲು ಯತ್ನಿಸುತ್ತಿರುವುದು ಇದೇ ಕಾರಣಕ್ಕೆ.

ಭಾರತದಲ್ಲಿ ಎಚ್‌ಐವಿ ಇರುವುದು ಮೊದಲು ಗೊತ್ತಾದದ್ದೇ ಒಬ್ಬ ವಿದ್ಯಾರ್ಥಿನಿಯ ಸಂಶೋಧನೆಯಿಂದ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಸೂಕ್ಷ್ಮಜೀವಿ ಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದ ಸೆಲ್ಲಪ್ಪನ್ ನಿರ್ಮಲಾ ತಮ್ಮ ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದಾಗ, ಪ್ರಾಧ್ಯಾಪಕಿ ಡಾ. ಸುನೀತಿ ಸಾಲೊಮನ್ ಈ ವಿಷಯವನ್ನು ಸೂಚಿಸಿದರು. ಆ ರೋಗ ವಿದೇಶದ್ದು, ನಮ್ಮಲ್ಲಿ ಬಾರದು ಎಂದು ದೇಶವೇ ನಂಬಿದ್ದ ಕಾಲ ಅದು. ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರಿಂದ ನಿರ್ಮಲಾ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ಚೆನ್ನೈಯಲ್ಲಿ ಪರೀಕ್ಷೆಯ ಸೌಲಭ್ಯ ಇರಲಿಲ್ಲ. 1986ರ ಫೆಬ್ರುವರಿಯಲ್ಲಿ ಅವನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಒಯ್ದು ಪರೀಕ್ಷಿಸಿದಾಗ ಆರು ಮಾದರಿಗಳಲ್ಲಿ ಸೋಂಕು ಕಂಡಿತು. ದೇಶದ ಏಡ್ಸ್ ನಿಯಂತ್ರಣ ಕಾರ್ಯದ ಬೀಜ ಬಿದ್ದದ್ದು ಅಲ್ಲಿ.

ಆ ಕೆಲಸದ ಮಹತ್ವ ಎಷ್ಟು ಹೇಳಿದರೂ ಸಾಲದು. ಆದರೆ ಅದರ ಸುದ್ದಿ ಹೊರಬಿದ್ದ ನಂತರ ಸಮಾಜ ನಡೆದುಕೊಂಡ ರೀತಿ ಬೇರೆಯೇ ಕಥೆ. ಪೊಲೀಸರ ವಶದಲ್ಲಿ, ಸರ್ಕಾರಿ ಗೃಹಗಳಲ್ಲಿ ಇದ್ದ ಹೆಂಗಸರು ಎಲ್ಲರ ಕಣ್ಣಿಗೆ ಬಿದ್ದರು. ಅವರ ಬಳಿಗೆ ಹೋಗಿಬಂದ ಗಂಡಸರು ಯಾರು, ಅವರ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದವರು ಕಡಿಮೆ. ಮುಂದೆ ಗರ್ಭಿಣಿಯರ ತಪಾಸಣೆಯಲ್ಲಿ ಎಚ್‌ಐವಿ ಪರೀಕ್ಷೆ ಸೇರಿತು. ಮಗುವಿನ ರಕ್ಷಣೆಗೆ ಅದು ಬೇಕೇ ಬೇಕು. ಆದರೆ ಅದರಿಂದಾಗಿ ಎಷ್ಟೋ ಮನೆಗಳಲ್ಲಿ ಮೊದಲು ಪರೀಕ್ಷೆಯಾದದ್ದು ಹೆಂಡತಿಗೆ, ಮೊದಲು ತಪ್ಪಿತಸ್ಥಳಾದದ್ದೂ ಅವಳೇ. ಗಂಡ ಪರೀಕ್ಷೆ ಮಾಡಿಸಿಕೊಳ್ಳದೇ ಉಳಿದ, ಆದ್ದರಿಂದ ನಿರಪರಾಧಿಯಾಗಿಯೂ ಉಳಿದ.

1997ರಲ್ಲಿ ಪ್ರಕಟವಾದ ಪುಣೆಯ ಅಧ್ಯಯನವೊಂದು ಈ ಅನ್ಯಾಯಕ್ಕೆ ಅಂಕಿ ಅಂಶದ ಪುರಾವೆ ಒದಗಿಸಿತು. ಲೈಂಗಿಕ ರೋಗಗಳ ಚಿಕಿತ್ಸಾಲಯಗಳಿಗೆ ಬಂದ, ಲೈಂಗಿಕ ವೃತ್ತಿಯಲ್ಲಿ ಇಲ್ಲದ ಮಹಿಳೆಯರಲ್ಲಿ ಶೇ 14ರಷ್ಟು ಮಂದಿಗೆ ಎಚ್‌ಐವಿ ಇತ್ತು. ಅವರಲ್ಲಿ ಹೆಚ್ಚಿನವರು ಗಂಡನ ಹೊರತು ಬೇರೆ ಯಾರ ಸಂಪರ್ಕವನ್ನೂ ಅರಿಯದವರು. ಪತಿವ್ರತೆಯಾಗಿರುವುದು ಅವರನ್ನು ಕಾಪಾಡಲಿಲ್ಲ. ಅವರ ಆರೋಗ್ಯ ನಿಂತಿದ್ದುದು ಗಂಡನ ನಡತೆಯ ಮೇಲೆ, ಮತ್ತು ಅವನು ಬಾಯಿ ಬಿಡುತ್ತಾನೋ ಇಲ್ಲವೋ ಎಂಬುದರ ಮೇಲೆ.

ಇದರಿಂದಾಗಿಯೇ ಎಚ್‌ಐವಿ ಸಂಶೋಧನೆ ಕ್ರಮೇಣ ವೈರಾಣುವಿನ ಆಚೆಗೆ, ಗಂಡಸುತನದ ಕಲ್ಪನೆಯ ಕಡೆಗೆ ತಿರುಗಿತು. ಇಂದು ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳುವ ವಿಷಯ ಇದು: ಗಂಡಸು ಎಂದರೆ ಹೀಗಿರಬೇಕು ಎಂದು ಊರು, ಮನೆ, ಗೆಳೆಯರು ಸೇರಿ ಕಲಿಸಿದ ಪಾಠ, ಅವನನ್ನು ರೋಗದಿಂದ ಕಾಪಾಡುತ್ತದೆಯೇ, ರೋಗದ ಬಾಯಿಗೆ ತಳ್ಳುತ್ತದೆಯೇ? ಅಂಜಬಾರದು, ಅಳಬಾರದು, ಆಸ್ಪತ್ರೆಗೆ ಹೋಗುವುದು ಬಲಹೀನರ ಲಕ್ಷಣ, ಕಾಂಡೋಮ್ ಕೇಳುವುದು ನಾಚಿಕೆ, ಹೆಣ್ಣಿನ ಅನುಭವ ಇಲ್ಲದವನು ಗಂಡಸೇ ಅಲ್ಲ. ಈ ಪಾಠದ ಸಾಲುಗಳು ಯಾವ ಭಾಷೆಯಲ್ಲೂ ಹೆಚ್ಚು ಬೇರೆಯಾಗಿಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಒಂದು ಗಾದೆಯೇ ಇದೆ: ಗಂಡಸಿಗೇಕೆ ಗೌರಿ ದುಃಖ.

ಮುಂಬೈಯಲ್ಲಿ ಈ ಕುರಿತು ಗಂಭೀರವಾದ ಕೆಲಸ ನಡೆದಿದೆ. ಅಲ್ಲಿನ ಬಡ ಬಡಾವಣೆಗಳ ಗಂಡಸರು ಎಚ್‌ಐವಿ ಎಂದರೆ ಬಾಯಿ ಬಿಡುತ್ತಿರಲಿಲ್ಲ. ಆದರೆ 'ಗುಪ್ತ ರೋಗ', 'ಶಕ್ತಿ ಕಡಿಮೆ' ಎಂಬ ಚಿಂತೆ ಹೊತ್ತು ಬೀದಿಯ ವೈದ್ಯರ ಬಳಿಗೆ ಗುಟ್ಟಾಗಿ ಹೋಗುತ್ತಿದ್ದರು. 'ರಿಷ್ತಾ' ಎಂಬ ಸಂಶೋಧನಾ ಯೋಜನೆ ಇದನ್ನು ಗಮನಿಸಿ, ಆ ಚಿಂತೆಯನ್ನೇ ಬಾಗಿಲು ಮಾಡಿಕೊಂಡು ಎಚ್‌ಐವಿ ಮಾತು ಆರಂಭಿಸಿತು. ಅವರು ನಂಬುವ ವೈದ್ಯರಿಗೇ ತರಬೇತಿ ಕೊಟ್ಟಿತು. 'ಯಾರಿ ದೋಸ್ತಿ' ಎಂಬ ಇನ್ನೊಂದು ಕಾರ್ಯಕ್ರಮ ಬ್ರೆಜಿಲ್‌ನಲ್ಲಿ ನಡೆದ ಪ್ರಯೋಗವನ್ನು ನಮ್ಮ ನೆಲಕ್ಕೆ ಹೊಂದಿಸಿಕೊಂಡು, ಹುಡುಗರನ್ನು ಗುಂಪಾಗಿ ಕೂರಿಸಿ ಗಂಡಸುತನ ಎಂದರೇನು ಎಂದು ಅವರ ಬಾಯಲ್ಲೇ ಮಾತಾಡಿಸಿತು. ಹೆಣ್ಣನ್ನು ಸಮಾನವಾಗಿ ಕಾಣುವ ಮನೋಭಾವ ಬೆಳೆದಂತೆ ಅವರಲ್ಲಿ ಕಾಂಡೋಮ್ ಬಳಕೆಯೂ ಹೆಚ್ಚಿತು. ಬೆದರಿಸಿ ಹೇಳಿದ್ದಕ್ಕಿಂತ ಕೂತು ಮಾತಾಡಿದ್ದು ಫಲ ಕೊಟ್ಟಿತು ಎಂಬುದೇ ಇವೆರಡರ ಸಾರ.

ಈ ಬೆಳಕಿನಲ್ಲಿ ಗಲ್ಫ್‌ನ ನಮ್ಮ ಗಂಡಸರನ್ನು ನೋಡೋಣ. ಅಲ್ಲಿ ಅವರ ಗಂಡಸುತನದ ಅಳತೆ ಒಂದೇ, ಊರಿಗೆ ಕಳಿಸುವ ಹಣ. ತಂಗಿಯ ಮದುವೆ, ಮನೆಯ ಸ್ಲ್ಯಾಬ್, ತಮ್ಮನ ಓದು, ಅಪ್ಪನ ಆಪರೇಷನ್, ಎಲ್ಲಕ್ಕೂ ಅವನೇ. ಅಂಥವನಿಗೆ ಕಾಯಿಲೆ ಬೀಳುವ ಅವಕಾಶವೇ ಇಲ್ಲ. ಫೋನಿನಲ್ಲಿ 'ಚೆನ್ನಾಗಿದ್ದೇನೆ' ಎಂಬ ಒಂದೇ ಉತ್ತರ. ಒಂಟಿತನ ಕಾಡುತ್ತದೆ, ಸಾಲ ಹೆದರಿಸುತ್ತದೆ, ಒಮ್ಮೆ ಕಾಲು ಜಾರಿತು ಎಂದು ಅವನು ಯಾರಿಗೂ ಹೇಳಲಾರ. ನಾವು ಮನೆಯವರೂ ಅದನ್ನು ಕೇಳಲು ಸಿದ್ಧರಿಲ್ಲ. ಡ್ರಾಫ್ಟ್ ಬಂದರೆ ಮಗ ಚೆನ್ನಾಗಿದ್ದಾನೆ ಎಂದು ನಂಬುವ ಅಭ್ಯಾಸ ನಮ್ಮದು. ಈಗ ಡ್ರಾಫ್ಟ್ ಹೋಗಿ ಮೊಬೈಲಿನ ಸಂದೇಶ ಬಂದಿದೆ, ಅಭ್ಯಾಸ ಹಾಗೇ ಇದೆ. ಇನ್ನು ಗಂಡಸರ ನಡುವಿನ ಸಂಬಂಧದಲ್ಲಿ ಇರುವವರ ಪಾಡು ಇನ್ನೂ ಕಷ್ಟ. ಭಾರತದಲ್ಲಿ 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅದು ಅಪರಾಧವಲ್ಲ. ಅಲ್ಲಿನ ಕಾನೂನಿನಲ್ಲಿ ಅಪರಾಧ. ಹೀಗಾಗಿ ಅವರಿಗೆ ಮೌನವೇ ರಕ್ಷಣೆ, ಆದರೆ ಅದೇ ಮೌನ ಅವರನ್ನು ಪರೀಕ್ಷೆ ಮತ್ತು ಔಷಧದಿಂದಲೂ ದೂರ ಇಡುತ್ತದೆ.

'ವೀಸಾಕ್ಕೆ ಮೆಡಿಕಲ್ ಆಗುತ್ತದಲ್ಲ, ಫಿಟ್ ಎಂದು ಬಂದಿದೆ, ಇನ್ನೇನು?' ಎಂದು ಹಲವರು ಕೇಳುತ್ತಾರೆ. ಈ ನಂಬಿಕೆಯನ್ನು ಬಿಡಿಸಿ ನೋಡಬೇಕು. ಯುಎಇಯಲ್ಲಿ ನಿವಾಸ ವೀಸಾ ಪಡೆಯುವಾಗಲೂ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅದನ್ನು ನವೀಕರಿಸುವಾಗಲೂ ಎಚ್‌ಐವಿಗೆ ರಕ್ತಪರೀಕ್ಷೆ, ಕ್ಷಯಕ್ಕೆ ಎದೆಯ ಎಕ್ಸ್‌ರೇ ಇರುತ್ತದೆ. ಎಚ್‌ಐವಿ ಕಂಡರೆ ವೀಸಾ ಇಲ್ಲ, ಊರಿಗೆ ವಾಪಸ್. ಈ ಪರೀಕ್ಷೆ ಆ ದೇಶದ ಪ್ರವೇಶದ್ವಾರದ ಕಾವಲು. ಅದು ಕಾರ್ಮಿಕನ ಆರೋಗ್ಯದ ಕಾವಲಲ್ಲ. ಫಿಟ್ ಎಂಬ ಕಾಗದ ಆ ದಿನದ ಮಾತನ್ನಷ್ಟೇ ಹೇಳುತ್ತದೆ. ಮುಂದಿನ ಎರಡು ವರ್ಷಗಳಿಗೆ ಅದು ಖಾತರಿಯಲ್ಲ. ಸೋಂಕು ತಗುಲಿದ ಮೊದಲ ಕೆಲವು ವಾರ ರಕ್ತಪರೀಕ್ಷೆಯಲ್ಲೂ ಅದು ಕಾಣದೇ ಇರಬಹುದು, ಇದನ್ನೇ ವಿಂಡೋ ಪಿರಿಯಡ್ ಎನ್ನುತ್ತಾರೆ. ಆ ಮೇಲೆ ಎಂಟು ಹತ್ತು ವರ್ಷ ಯಾವ ಲಕ್ಷಣವೂ ಇಲ್ಲದೆ ಮೈ ಗಟ್ಟಿಯಾಗಿಯೇ ಕಾಣಬಹುದು. ಮೈಕಟ್ಟು ನೋಡಿ ಆರೋಗ್ಯ ಅಳೆಯುವಂತಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಭಯದ್ದು. ಪರೀಕ್ಷೆ ಎಂದರೆ ಕೆಲಸ ಹೋಗುವುದು ಎಂದು ಒಮ್ಮೆ ಮನಸ್ಸಿನಲ್ಲಿ ಕೂತರೆ, ಅನುಮಾನ ಬಂದವನು ಪರೀಕ್ಷೆಯಿಂದ ದೂರ ಓಡುತ್ತಾನೆ. ರಜೆಯಲ್ಲಿ ಮನೆಗೆ ಬಂದಾಗಲೂ ಬಾಯಿ ಬಿಡುವುದಿಲ್ಲ. ಆ ಎರಡು ತಿಂಗಳ ರಜೆಯಲ್ಲಿ ಏನಾಗಬಹುದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ವಾಪಸ್ ಬಂದವರ ಕಥೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ 2009ರಲ್ಲಿ ಏಷ್ಯಾದಿಂದ ಅರಬ್ ದೇಶಗಳಿಗೆ ಹೋದ ವಲಸೆ ಮಹಿಳೆಯರ ಬಗ್ಗೆ ವರದಿ ಪ್ರಕಟಿಸಿತ್ತು. ಬಾಂಗ್ಲಾದೇಶ, ಪಾಕಿಸ್ತಾನ, ಫಿಲಿಪ್ಪೀನ್ಸ್, ಶ್ರೀಲಂಕಾಗಳಿಂದ ಹೋದವರ ಅನುಭವ ಅದರಲ್ಲಿತ್ತು. ಸೋಂಕು ಪತ್ತೆಯಾದವರನ್ನು ಸರಿಯಾದ ಸಮಾಲೋಚನೆ ಇಲ್ಲದೆ ವಾಪಸ್ ಕಳಿಸಲಾಗುತ್ತದೆ, ಊರಿಗೆ ಬಂದ ಮೇಲೆ ಅವರಿಗೆ ಕೆಲಸವೂ ಇಲ್ಲ, ಸಮಾಜದ ಆಸರೆಯೂ ಇಲ್ಲ ಎಂದು ಅದು ಹೇಳಿತು. ನಮ್ಮವರ ಪಾಡು ಬೇರೆ ಇರಲಾರದು. ಗಂಡಸಾದರೆ 'ಕಂಪನಿ ಮುಚ್ಚಿತು', 'ಕಫೀಲ್ ಸರಿ ಇರಲಿಲ್ಲ' ಎಂಬ ಕಾರಣದ ಹಿಂದೆ ಅಡಗಿಕೊಳ್ಳುವುದು ಸುಲಭ. ಹಾಗೆ ಅಡಗಿದವನು ಚಿಕಿತ್ಸೆಗೂ ಹೋಗುವುದಿಲ್ಲ.

ಅಂಥವರಿಗೆ ಮತ್ತು ಅವರ ಮನೆಯವರಿಗೆ ನಾವು ಹೇಳಬೇಕಾದ ಮುಖ್ಯ ಮಾತು ಇದು: ಹೋದದ್ದು ವೀಸಾ, ಬದುಕಲ್ಲ. 2004ರ ಏಪ್ರಿಲ್ 1ರಿಂದ ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿಗೆ ಎಆರ್‌ಟಿ ಚಿಕಿತ್ಸೆ ಉಚಿತ. ಮೊದಲು ಆರಂಭವಾದ ಕೆಲವೇ ಕೇಂದ್ರಗಳಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಒಂದು. ಇಂದು ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಎಆರ್‌ಟಿ ಕೇಂದ್ರಗಳಿವೆ. 2017ರಿಂದ, ಸೋಂಕು ಖಚಿತವಾದ ಎಲ್ಲರಿಗೂ ತಡಮಾಡದೆ ಔಷಧ ಆರಂಭಿಸುವ ನೀತಿ ಜಾರಿಯಲ್ಲಿದೆ. ಹೆಚ್ಚಿನವರಿಗೆ ದಿನಕ್ಕೊಂದು ಮಾತ್ರೆ ಸಾಕು. ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಅದು ಇನ್ನೊಬ್ಬರಿಗೆ ಹರಡುವುದಿಲ್ಲ. ತಾಯಿಗೆ ಸಕಾಲದಲ್ಲಿ ಚಿಕಿತ್ಸೆಯಾದರೆ ಮಗುವಿಗೆ ತಗುಲುವ ಸಂಭವವನ್ನು ಶೇ 5ಕ್ಕಿಂತ ಕೆಳಗೆ ಇಳಿಸಬಹುದು. ಇವು ಸಮಾಧಾನದ ಮಾತುಗಳಲ್ಲ, ವೈದ್ಯಶಾಸ್ತ್ರ ಸಾಬೀತುಪಡಿಸಿದ ಸಂಗತಿಗಳು.

ಕರ್ನಾಟಕಕ್ಕೆ ಈ ಹೋರಾಟ ಹೊಸದಲ್ಲ. 2003ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ನಡೆದ ಸಮೀಕ್ಷೆಯಲ್ಲಿ ನೂರು ವಯಸ್ಕರಲ್ಲಿ ಸುಮಾರು ಮೂವರಿಗೆ ಸೋಂಕು ಕಂಡಿತ್ತು. ದೇಶದಲ್ಲೇ ಕಳವಳ ಮೂಡಿಸಿದ ಪ್ರಮಾಣ ಅದು. ಗೋವಾ, ಮಹಾರಾಷ್ಟ್ರಗಳಿಗೆ ದುಡಿಯಲು ಹೋಗಿಬರುವ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಈ ರೋಗದ ಪೆಟ್ಟು ಗೊತ್ತು. ಆ ಮೇಲೆ ಪರಿಸ್ಥಿತಿ ಸುಧಾರಿಸಿದೆ. ಗರ್ಭಿಣಿಯರಲ್ಲಿ ಸೋಂಕಿನ ಪ್ರಮಾಣ ಶೇ 1ಕ್ಕಿಂತ ಮೇಲಿದ್ದದ್ದು ಈಗ ಶೇ 0.5ಕ್ಕಿಂತ ಕೆಳಗಿದೆ. ಇದರಲ್ಲಿ ದೊಡ್ಡ ಪಾಲು ಹೆಂಗಸರದ್ದು. ಮೈಸೂರಿನಲ್ಲಿ 2004ರಲ್ಲಿ ಆರಂಭವಾದ ಆಶೋದಯದಂಥ, ಲೈಂಗಿಕ ವೃತ್ತಿಯಲ್ಲಿರುವವರೇ ಕಟ್ಟಿದ ಸಂಘಟನೆಗಳು ಕಾಂಡೋಮ್ ಇಲ್ಲದೆ ಒಪ್ಪುವುದಿಲ್ಲ ಎನ್ನುವ ಧೈರ್ಯವನ್ನು ತಮ್ಮವರಲ್ಲಿ ತುಂಬಿದವು. ಸಮಾಜ ಯಾರನ್ನು ಕೀಳಾಗಿ ಕಂಡಿತೋ ಅವರೇ ಸಮಾಜವನ್ನು ಕಾಪಾಡಲು ಮುಂದೆ ಬಂದರು. ಹಾಗಿದ್ದೂ ರಾಜ್ಯದಲ್ಲಿ ಇಂದು ಸುಮಾರು 2.8 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ ಎಂಬುದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಅಂದಾಜು. ಉಳಿದ ಕೆಲಸದ ಭಾರವನ್ನು ಗಂಡಸರು ಹೊರಬೇಕು.

ಮನೆಯಲ್ಲಿ ಏನು ಮಾಡಬಹುದು? ರಜೆಗೆ ಬಂದಾಗ ಸಕ್ಕರೆ, ಬಿ.ಪಿ. ಪರೀಕ್ಷೆ ಮಾಡಿಸುವಂತೆ ಗಂಡ ಹೆಂಡತಿ ಜೊತೆಯಾಗಿ ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸುವುದು ಎಲ್ಲಕ್ಕಿಂತ ಸರಳ ದಾರಿ. ತಾಲ್ಲೂಕು ಆಸ್ಪತ್ರೆಗಳ ಐಸಿಟಿಸಿ ಕೇಂದ್ರದಲ್ಲಿ ಅದು ಉಚಿತ. ಪರೀಕ್ಷೆಗೆ ಮೊದಲೂ ನಂತರವೂ ಆಪ್ತ ಸಮಾಲೋಚಕರು ಮಾತಾಡುತ್ತಾರೆ, ಫಲಿತಾಂಶವನ್ನು ಗೋಪ್ಯವಾಗಿ ಇಡುತ್ತಾರೆ. 'ನನ್ನ ಮೇಲೆ ಅನುಮಾನವೇ?' ಎಂಬ ಪ್ರಶ್ನೆ ಬರುತ್ತದೆ ಎಂದು ಹೆಂಡತಿ ಹೆದರುತ್ತಾಳೆ. ಆದ್ದರಿಂದ ಈ ಮಾತು ಗಂಡನ ಬಾಯಿಂದಲೇ ಬರಬೇಕು. 'ಇಬ್ಬರೂ ಹೋಗಿ ಬರೋಣ ನಡಿ' ಎಂದು ಅವನು ಹೇಳಿದರೆ ಅದರಲ್ಲಿ ಅನುಮಾನಕ್ಕೆ ಜಾಗವಿಲ್ಲ, ಕಾಳಜಿ ಇದೆ. ಫಲಿತಾಂಶ ತಿಳಿಯುವವರೆಗೆ ಕಾಂಡೋಮ್ ಬಳಸುವುದು ಇಬ್ಬರಿಗೂ ಕ್ಷೇಮ. ಮದುವೆ ನಿಶ್ಚಯವಾದ ಗಲ್ಫ್ ಹುಡುಗರಿಗೂ ಇದು ಅನ್ವಯಿಸುತ್ತದೆ. ಜಾತಕ ನೋಡುವ ಮನೆಗಳು ಹುಡುಗ, ಹುಡುಗಿ ಇಬ್ಬರೂ ಒಪ್ಪಿ ಈ ಪರೀಕ್ಷೆ ಮಾಡಿಸಿಕೊಂಡರೆ ಅದನ್ನು ಅವಮಾನ ಎಂದು ತಿಳಿಯಬಾರದು.

ಊರಲ್ಲಿ ಎಲ್ಲಾದರೂ ಅಪಾಯದ ಸಂಪರ್ಕ ಆಗಿಹೋದರೆ, 72 ಗಂಟೆಯೊಳಗೆ ವೈದ್ಯರನ್ನು ಕಂಡರೆ ಸೋಂಕು ತಡೆಯುವ 28 ದಿನಗಳ ಔಷಧವಿದೆ. ನಾಚಿಕೆಯಲ್ಲಿ ಮೂರು ದಿನ ಕಳೆದರೆ ಆ ಅವಕಾಶ ಹೋಯಿತು. ಯಾವ ಸಂದೇಹಕ್ಕೂ 1097 ಉಚಿತ ಸಹಾಯವಾಣಿ ಇದೆ, ಹೆಸರು ಹೇಳಬೇಕಿಲ್ಲ.

ಕಾನೂನಿನ ಬಲವೂ ನಮ್ಮಲ್ಲಿದೆ. 2017ರಲ್ಲಿ ಸಂಸತ್ತು ಅಂಗೀಕರಿಸಿದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಸೋಂಕಿನ ಕಾರಣಕ್ಕೆ ಕೆಲಸ, ಶಾಲೆ, ಆಸ್ಪತ್ರೆ, ಬಾಡಿಗೆ ಮನೆಗಳಲ್ಲಿ ಭೇದ ಮಾಡುವಂತಿಲ್ಲ. ಈ ಕಾಯ್ದೆ ಗಲ್ಫ್‌ನ ವೀಸಾ ನಿಯಮವನ್ನು ಬದಲಿಸಲಾರದು. ಆದರೆ ಊರಿಗೆ ಮರಳಿದವನ ಮಾನವನ್ನು ಕಾಪಾಡಬಲ್ಲದು.

ರೂಮಿನ ಗೆಳೆಯರಿಗೂ ಒಂದು ಮಾತು. ಒಂದೇ ಮೆಸ್‌ನ ಊಟ, ಒಂದೇ ಬಾತ್‌ರೂಮ್, ಕೈ ಕುಲುಕುವುದು, ಕೆಮ್ಮು, ಸೊಳ್ಳೆ ಇವುಗಳಿಂದ ಎಚ್‌ಐವಿ ಹರಡುವುದಿಲ್ಲ. ಜೊತೆಗಿದ್ದವನಿಗೆ ಸೋಂಕು ಎಂದು ಗೊತ್ತಾದರೆ ಊರಿಡೀ ಸುದ್ದಿ ಹರಡುವ ವಾಟ್ಸ್‌ಆ್ಯಪ್ ಗುಂಪಿಗಿಂತ, ಅವನ ಟಿಕೆಟ್ಟಿಗೆ ಹಣ ಕೂಡಿಸುವ ಗೆಳೆಯ ದೊಡ್ಡವನು.

ಅಬುಧಾಬಿ, ದುಬೈನ ಕನ್ನಡ ಸಂಘಗಳು ರಕ್ತದಾನ, ಹೃದಯ ತಪಾಸಣೆ ಶಿಬಿರಗಳನ್ನು ನಡೆಸುತ್ತಲೇ ಬಂದಿವೆ. ಅಲ್ಲಿನ ಕಾನೂನಿನ ಮಿತಿಯೊಳಗೆ, ಕನ್ನಡ ಬಲ್ಲ ವೈದ್ಯರೊಬ್ಬರಿಂದ ಗಂಡಸರ ಆರೋಗ್ಯದ ಬಗ್ಗೆ ಒಂದು ಗಂಟೆ ಮುಕ್ತವಾಗಿ ಮಾತಾಡಿಸುವುದು ಅವುಗಳಿಗೆ ಕಷ್ಟವಾಗದು. ವಿದೇಶಾಂಗ ಸಚಿವಾಲಯ ಕಾರ್ಮಿಕರಿಗೆ ನಡೆಸುವ ಪ್ರಯಾಣಪೂರ್ವ ತರಬೇತಿಯಲ್ಲಿ ಈ ವಿಷಯಕ್ಕೆ ಸರಿಯಾದ ಜಾಗ ಸಿಗಬೇಕು. ಗಲ್ಫ್‌ಗೆ ಹೋಗುವವರ ವೈದ್ಯಕೀಯ ತಪಾಸಣೆ ನಡೆಸುವ ಕೇಂದ್ರಗಳು 'ಅನ್‌ಫಿಟ್' ಎಂಬ ಮುದ್ರೆ ಒತ್ತಿ ಕೈತೊಳೆದುಕೊಳ್ಳಬಾರದು. ಅಂಥವರನ್ನು ಹತ್ತಿರದ ಐಸಿಟಿಸಿಗೆ ಕಳಿಸುವುದು ಅವುಗಳ ಹೊಣೆಯಾಗಬೇಕು. ವಾಪಸ್ ಬಂದವರಿಗೆ ಚಿಕಿತ್ಸೆ ಮತ್ತು ಕೆಲಸದ ದಾರಿ ತೋರಿಸಲು ರಾಜ್ಯ ಸರ್ಕಾರದ ಅನಿವಾಸಿ ಭಾರತೀಯ ಸಮಿತಿಯೂ ಏಡ್ಸ್ ಪ್ರಿವೆನ್ಷನ್ ಸೊಸೈಟಿಯೂ ಕೈಜೋಡಿಸಲಿ.

ಕೊನೆಗೆ ಇದು ನಮ್ಮ ನಮ್ಮ ಮನೆಗಳ ಮಾತು. ಮಗನಿಗೆ, ಗಂಡನಿಗೆ, ಅಣ್ಣನಿಗೆ ಫೋನು ಮಾಡಿದಾಗ ಹಣ ಬಂತು ಎನ್ನುವುದರ ಜೊತೆಗೆ ಇನ್ನೂ ಒಂದು ಮಾತು ಸೇರಿಸೋಣ: 'ಏನೇ ಆಗಿರಲಿ, ನಮಗೆ ಹೇಳು. ಬೈಯುವುದಿಲ್ಲ.' ದುಃಖ ಗೌರಿಗೆ ಮಾತ್ರ ಮೀಸಲಲ್ಲ. ಗಂಡಸು ತನ್ನ ದುಃಖ, ತನ್ನ ಭಯ, ತನ್ನ ತಪ್ಪನ್ನು ಮನೆಯಲ್ಲಿ ಹೇಳಿಕೊಳ್ಳುವಂತಾದರೆ, ಗೌರಿಯ ದುಃಖದಲ್ಲಿ ದೊಡ್ಡ ಪಾಲು ಕಡಿಮೆಯಾಗುತ್ತದೆ.